ಸಾಸಿವೆಯ ಬಲ ಮಗ್ಗುಲು

"ನಾಳೆಯಿಂದ ನಾನು ಬರಲ್ಲ ಸಿಸ್ಟರ್," ಎಂದ ಟೈಲರ್, ಹಾಲಿನ ಬಾಟಲಿಯನ್ನು ಟ್ರೇಯಲ್ಲಿಟ್ಟು.

ನರ್ಸಿನ ಎದೆ ಧಸಕ್ಕೆಂದಿತು. ಮುಖದಲ್ಲಿ ಮಾತ್ರ ತೋರಿಸಿಕೊಳ್ಳಲಿಲ್ಲ. ದಿನ ತುಂಬದೆ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದವಳಿಗೆ ಆ ವಿದ್ಯೆ ಕರಗತವಾಗಿತ್ತು.

"ಯಾಕೆ?"

"ನನ್ನ ಕೈಗುಣ ಸರಿಯಿಲ್ಲ. ನಾನು ಕುಡಿಸಿದ್ರೆ ಸಾಸಿವೆ ಕೆಮ್ತಾಳೆ. ನೀವು ಕುಡಿಸಿದ್ರೆ ಜಾಣೆ ಥರ ಕುಡೀತಾಳೆ."

ಸಾಸಿವೆ ಅವನ ಅಕ್ಕನ ಮಗಳು; ಕಾಳಿನಷ್ಟು ಪುಟ್ಟದಾಗಿ ಹುಟ್ಟಿದ್ದಕ್ಕೆ ಆ ಹೆಸರು. ಹುಟ್ಟಿದ ಮೇಲೆ ತಾನಾಗಿ ಮುಚ್ಚಿಕೊಳ್ಳಬೇಕಾದ, ಹೃದಯದ ಪಕ್ಕದ ನಾಳವೊಂದು ಅವಳಿಗೆ ಮುಚ್ಚಲಿಲ್ಲ. ಆಪರೇಷನ್ ಮಾಡಿ ಮುಚ್ಚಿದರು. ಹೃದಯ ಸರಿಹೋಯಿತು. ಆದರೆ ಅಲ್ಲೇ ಹಾದುಹೋಗುವ ಧ್ವನಿಯ ನರಕ್ಕೆ ಪೆಟ್ಟಾಗಿ ಗಂಟಲಿನ ಎಡಭಾಗ ಮಲಗಿಬಿಟ್ಟಿತು. ಈಗ ಅವಳು ಅತ್ತರೆ ಬಾಯಿ ತೆರೆಯುತ್ತದೆ, ಸದ್ದು ಬರುವುದಿಲ್ಲ. ಹಾಲು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಒಮ್ಮೆ ಅಮ್ಮನ ಕೈಯಲ್ಲೇ ಮಗು ನೀಲಿಗಟ್ಟಿತ್ತು. ಅಂದಿನಿಂದ ಆಕೆ ಬಾಟಲಿ ಮುಟ್ಟಿಲ್ಲ. ಭಾವ ಲಾರಿ ಹತ್ತಿ ಊರೂರು ತಿರುಗುವವರು. ಹಾಗಾಗಿ ಸೋದರಮಾವ ಅಂಗಡಿಯ ಬಾಗಿಲೆಳೆದು ಬರುತ್ತಿದ್ದ. ಕೆಮ್ಮು ನಿಲ್ಲದಿದ್ದರೆ ಹೊಟ್ಟೆಗೆ ತೂತು ಮಾಡಿ ಟ್ಯೂಬ್ ಹಾಕುವುದೇ ಸರಿ ಎಂದಿದ್ದರು ಡಾಕ್ಟರು.

ಬಂದವನು ಬರೀ ಹಾಲು ಕುಡಿಸಿ ಹೋಗಿದ್ದರೆ ಚೆನ್ನಾಗಿತ್ತು. ನರ್ಸಿನ ನಿದ್ದೆಯನ್ನೂ ಕೆಡಿಸಿದ್ದ. ಮನಸ್ಸು ಕೊಟ್ಟವಳನ್ನು ದಿನಾ "ಸಿಸ್ಟರ್" ಎಂದು ಕರೆಯಬೇಕಾದ ಗಂಡಸಿನ ಪಾಡು ಆ ವಾರ್ಡಿಗೆಲ್ಲ ತಿಳಿದಿತ್ತು. ಅವನು ಹಾಲು ಕುಡಿಸುವಾಗ ಅವಳು ಬೆನ್ನು ತಿರುಗಿಸಿ, ಜೋಡಿಸಿದ್ದ ಸಿರಿಂಜುಗಳನ್ನೇ ಮತ್ತೆ ಜೋಡಿಸುತ್ತಿದ್ದಳು. ತಿರುಗಿ ನೋಡಿದರೆ ತನ್ನ ಗುಟ್ಟೂ ರಟ್ಟಾಗುತ್ತದೆಂಬ ಭಯ.

"ಹೋಗೋದಾದ್ರೆ ಹೋಗಿ. ಮೊದಲು ಮಗೂನ ಹೇಗೆ ಮಲಗಿಸ್ಕೋತೀರಿ ತೋರಿಸಿ."

ಅವನು ಸಾಸಿವೆಯನ್ನು ಮಡಿಲಲ್ಲಿ ಮಲಗಿಸಿಕೊಂಡ. ಎಡ ಮಗ್ಗುಲಿಗೆ.

"ಎಡಕ್ಕಾ? ಇವಳಿಗೆ ಶಕ್ತಿ ಇಲ್ಲದ್ದೇ ಎಡಗಡೆ. ಹಾಲೆಲ್ಲ ಆ ಕಡೆಗೇ ಇಳಿಯುತ್ತೆ."

"ನೀವು ತೋರಿಸಿಕೊಟ್ಟ ಹಾಗೇ ಮಾಡ್ತಿದೀನಲ್ಲ."

ಅವಳಿಗೆ ಆಗ ಹೊಳೆಯಿತು. ತಾನು ಕಲಿಸುವಾಗ ಇವನು ಕೂತಿದ್ದದ್ದು ಎದುರಿಗೆ. ಗಿರಾಕಿಗಳನ್ನು ಕನ್ನಡಿಯ ಮುಂದೆ ನಿಲ್ಲಿಸಿ ಅಭ್ಯಾಸವಾದವನು ಅವಳನ್ನೂ ಕನ್ನಡಿ ಎಂದೇ ನೋಡಿ, ಕಂಡದ್ದನ್ನು ಕಂಡಂತೆ ಕಲಿತು, ಎಡಬಲ ಅದಲುಬದಲು ಮಾಡಿಕೊಂಡಿದ್ದ. ಅವಳೂ "ಬಲ ಮಗ್ಗುಲು" ಎಂದು ಬಾಯಿಬಿಟ್ಟು ಹೇಳಿರಲಿಲ್ಲ.

"ನನ್ನ ಪಕ್ಕದ ಸ್ಟೂಲು ಖಾಲಿ ಇತ್ತಲ್ಲ. ಎದುರಿಗ್ಯಾಕೆ ಕೂತ್ರಿ?"

ಅವನ ಕಿವಿ ಕೆಂಪಾದವು. "ಪಕ್ಕ ಕೂತ್ರೆ ನಿಮ್ಮ ಮುಖ ಕಾಣಲ್ಲ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಇಬ್ಬರ ಕಣ್ಣಾಟದಲ್ಲಿ ಕೂಸು ಬಡವಾಗಿತ್ತು. ನೇರ ಡಾಕ್ಟರ ಬಳಿ ಹೋಗಿ ಅವನ ತಪ್ಪಿನ ಜೊತೆ, ನೋಡದೆ ಬೆನ್ನು ತಿರುಗಿಸಿದ್ದ ತನ್ನ ತಪ್ಪನ್ನೂ ಹೇಳಿ, ಬೈಸಿಕೊಂಡು, ಒಂದು ವಾರದ ಗಡುವು ಕೇಳಿ ತಂದಳು.

ಆ ವಾರವಿಡೀ ಅವನು ಪಕ್ಕದ ಸ್ಟೂಲಿನಲ್ಲಿ ಕೂತ. ಅವಳೂ ಬೆನ್ನು ತಿರುಗಿಸಲಿಲ್ಲ. ಬಲ ಮಗ್ಗುಲಿಗೆ ಮಲಗಿದ ಸಾಸಿವೆ ಎರಡು ಗುಟುಕು ಕುಡಿದು, ಉಸಿರೆಳೆದುಕೊಂಡು, ಮತ್ತೆ ಕುಡಿದಳು. ದಿನೇ ದಿನೇ ಕೆಮ್ಮು ಕಡಿಮೆಯಾಯಿತು. ಕೊನೆಗೆ ಅಕ್ಕನೂ ಧೈರ್ಯ ಮಾಡಿ ಬಾಟಲಿ ಹಿಡಿದಳು.

"ಸದ್ಯಕ್ಕೆ ಟ್ಯೂಬ್ ಬೇಡ," ಎಂದರು ಡಾಕ್ಟರು. "ಧ್ವನಿ ನಿಧಾನಕ್ಕೆ ಬರಬಹುದು, ಕಾಯೋಣ."

ಅಕ್ಕ ಮಗುವನ್ನು ತಮ್ಮನ ಮಡಿಲಿಗಿಟ್ಟು, ಮುಖ ತೊಳೆಯುವ ನೆಪದಲ್ಲಿ ಅಳಲು ಹೋದಳು.

"ಅವತ್ತು ಹೇಳಿದ ಹಾಗೆ ನೀವು ಬರೋದು ಬಿಟ್ಟಿದ್ರೆ," ಎಂದಳು ನರ್ಸ್, "ನಾನೇ ನಿಮ್ಮ ಅಂಗಡಿಗೆ ಬರ್ತಿದ್ದೆ."

"ಏನ್ ಹೊಲಿಸೋಕೆ?"

"ಹೊಲಿಸೋಕಲ್ಲ. ನಿಮ್ಮನ್ನ ಬಿಟ್ಟು ಇರಕ್ಕಾಗಲ್ಲ ಅಂತ ಹೇಳೋಕೆ."

ಎದ್ದು ನಿಲ್ಲಬೇಕೆನಿಸಿತು ಅವನಿಗೆ. ಮಡಿಲಲ್ಲಿ ಮಗು ಆಗಷ್ಟೇ ನಿದ್ದೆ ಹೋಗಿತ್ತು. ಅಲುಗಾಡದೆ ಕೂತು, ಮೊದಲ ಸಲ, ಸಿಸ್ಟರ್ ಎನ್ನದೆ ಅವಳ ಹೆಸರು ಹಿಡಿದು ಕರೆದ.