ಬಾವುಟಕ್ಕೆ ಬಳಿದ ಸುಣ್ಣ

ಮಂಡ್ಯ ಜಿಲ್ಲೆಯ ಸಮಸ್ತ ನಾಗರಿಕರಿಗೆ ಅತ್ಯಂತ ವಿಷಾದದಿಂದ ತಿಳಿಯಪಡಿಸುವುದೇನೆಂದರೆ, ಇಂದು ಮಧ್ಯಾಹ್ನ ನನ್ನ ಎಡಗಾಲಿನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು.

ಕಬ್ಬಿನ ಗದ್ದೆಯ ನಟ್ಟನಡುವೆ. ಹಿಂದೆ ಮಚ್ಚು ಹಿಡಿದ ಶಿವರಾಜು...

ಗರಿ ಮುಖ ಕೊಯ್ಯುತ್ತಿತ್ತು.

ಬಿದ್ದೆ.

ಅವನಿಗೆ ಬೇಕಾಗಿದ್ದು ಒಂದು ಹೆಸರು. ಶಿವಪುರದ ದಾರಿಯ ಗೋಡೆ ಮೇಲೆ ಆ ಬಾವುಟ ಬರೆದವರು ಯಾರು?

ಪತ್ತೆ ಮಾಡು ಎಂದು ನನ್ನನ್ನು ಗೊತ್ತುಮಾಡಿದ್ದು ಅವನ ಧಣಿ, ಲೀಡರ್ ಜಯಪ್ರಕಾಶ್. ಪತ್ತೆಯೇನೋ ಆಯಿತು. ಅರ್ಪಿತ, ಹೈಸ್ಕೂಲಿನ ಡ್ರಾಯಿಂಗ್ ಮಿಸ್ಸು. ಹೆಸರು ಕೊಟ್ಟರೆ ಹುಡುಗಿಗೆ ಜೈಲು, ಕೆಲಸವೂ ಖೋತಾ. ಗೊತ್ತು, ಆದರೆ ಹೇಳಲ್ಲ ಎಂದು ಕಬ್ಬಿನ ಗದ್ದೆಗೆ ಓಟ ಕಿತ್ತೆ.

ಚಿತ್ರ ನೋಡಬೇಕಿತ್ತು ನೀವು. ಮೇಲೆ ಕೇಸರಿ, ಕೆಳಗೆ ಹಸಿರು. ನಡುವೆ ಚಕ್ರದ ಜಾಗದಲ್ಲಿ ಕಬ್ಬಿನ ಹಾಲಿನ ಮಷೀನಿನ ಗಾಲಿ. ಒಂದು ಕಡೆಯಿಂದ ಜನರನ್ನು ಜಲ್ಲೆಯಂತೆ ತುರುಕುತ್ತಿದ್ದಾರೆ. ಇನ್ನೊಂದು ಕಡೆ ಬರೀ ಸಿಪ್ಪೆ. ಪಕ್ಕದಲ್ಲಿ ಗ್ಲಾಸು ಹಿಡಿದು ನಿಂತವನ ಮೀಸೆ ಥೇಟ್ ಜಯಪ್ರಕಾಶರದು. ಗ್ಲಾಸಿಗೆ ಐಸು ಬೇರೆ!

ಬಿದ್ದ ನನ್ನನ್ನು ಶಿವರಾಜು ಆ ಗೋಡೆಯ ಹತ್ತಿರಕ್ಕೇ ಎಳೆದು ತಂದ. ಜಯಪ್ರಕಾಶ್ ಕಾಯುತ್ತಿದ್ದರು. ರಾಷ್ಟ್ರಧ್ವಜಕ್ಕೆ ಅವಮಾನ ಎಂದು ಬೆಳಿಗ್ಗೆಯೇ ದೂರು ಬರೆದುಕೊಟ್ಟಿದ್ದರು. ಸ್ಥಳ ನೋಡಿ ಎಫ್‌ಐಆರ್ ಹಾಕುತ್ತೇನೆ ಎಂದಿದ್ದರು ಇನ್ಸ್‌ಪೆಕ್ಟರ್ ವೀಣ. ಹೆಸರೊಂದು ಸಿಕ್ಕರೆ ಸಂಜೆ ಅರೆಸ್ಟು, ನಾಳೆ ಟಿವಿ, ನಾಳಿದ್ದು ಎಲೆಕ್ಷನ್ ಟಿಕೆಟ್.

"ಚಿಕ್ಕಮಾದು, ಎಸ್ರು ಏಳ್ಬುಡು ಕಣ್ಲಾ. ಯಾರ್ದೋ ಬಣ್ಣಕ್ಕೆ ನೀನ್ಯಾಕ್ಲಾ ಸಾಯ್ತೀಯಾ?" ಎಂದರು ಜಯಪ್ರಕಾಶ್.

"ಸುಸ್ತಾಗದೆ ಅಣ್ಣ. ಒಡ್ಯೋದಾದ್ರೆ ಬ್ಯಾಗ ಒಡ್ದುಬುಡಿ."

ಮಚ್ಚು ಮೇಲೆದ್ದಿತು.

ಜೀಪು ಬಂತು. ಶಿವರಾಜು ತಕ್ಷಣ ಕಬ್ಬು ಕಡಿಯುವ ಕೂಲಿಯಾದ.

ವೀಣ ಇಳಿದು ಗೋಡೆ ನೋಡಿದರು. ಗ್ಲಾಸು ಹಿಡಿದವನ ಮುಖವಿದ್ದ ಜಾಗದಲ್ಲಿ ಹಸಿ ಸುಣ್ಣ. ಹಸಿರಿನ ಮೇಲೆಲ್ಲ ಸೋರಿತ್ತು. ಯಾರು ಬಳಿದದ್ದು ಎಂದು ಕೇಳಿದರು.

"ನಾನೇ ಬಳುಸ್ದೆ ಮೇಡಂ," ಎಂದರು ಜಯಪ್ರಕಾಶ್, ಎದೆಯುಬ್ಬಿಸಿ. "ಟಿವಿಯೋರು ಬತ್ತಾರಲ್ಲ, ಮೀಸೆ ಕಾಣ್ಬಾರ್ದು."

"ಇದು ರಾಷ್ಟ್ರಧ್ವಜ ಅಂತ ಬರ್ಕೊಟ್ಟಿರೋದೂ ನೀವೇ ಅಲ್ವಾ?"

"ಊಂ ಮೇಡಂ."

"ಹಂಗಾದ್ರೆ ಧ್ವಜಕ್ಕೆ ಸುಣ್ಣ ಬಳಿಸಿದೋರು ನೀವು. ಮೊದ್ಲು ನೀವು ಜೀಪ್ ಹತ್ತಿ. ಬರೆದೋರನ್ನ ಆಮೇಲೆ ಹುಡುಕೋಣ."



ಆಮೇಲೆ ಜಯಪ್ರಕಾಶ್ ಜೀಪಿನ ಬಾನೆಟ್ ಮೇಲೆ ಹಾಳೆ ಇಟ್ಟುಕೊಂಡು, ಬೆವರು ಒರೆಸುತ್ತ, ಕೈಯಾರೆ ಬರೆದರು. ಗೋಡೆ ಮೇಲಿರುವುದು ಬಾವುಟವೇ ಅಲ್ಲ, ಕಬ್ಬಿನ ಹಾಲಿನ ಮಷೀನು. ದೂರು ವಾಪಸ್. ಸಹಿ.

ಸಂಜೆ ಅರ್ಪಿತಳಿಗೆ ಫೋನು ಮಾಡಿ, ಸುಣ್ಣದ ಕಥೆ ಹೇಳಿ, ಕೇಸಿಲ್ಲ, ನೆಮ್ಮದಿಯಾಗಿರಮ್ಮ ಎಂದೆ.

"ಸುಣ್ಣ ಒಣಗಿದ್ಯಾ ಅಣ್ಣ?" ಎಂದಳು.

ಬಿಳಿ ಗೋಡೆಯಾದರೆ ಅವಳಿಗೆ ಮತ್ತೆ ಬರೆಯುವುದು ಸಲೀಸಂತೆ. ಓಡಬೇಕಾದವನು ನಾನು.