ಪೆಲ್ ಮನೆಯ ಎಡಗಾಲಿನ ಬೂಟು

"ಫೋಟೋ ತೆಕ್ಕೊಳ್ಳಿ, ಅಳತೆ ತೆಕ್ಕೊಳ್ಳಿ, ಬೇಕಾದ್ರೆ ಮೂಸಿ ನೋಡಿ. ಹೊಸಿಲು ಮಾತ್ರ ದಾಟಿಸ್ಬೇಡಿ," ಎಂದಳು ವಿನ್ನಿ ಗ್ಯಾಡ್.

ಎಡ್ವಿನ್ ಕ್ರೇಕ್ ಏಣಿಯ ಮೇಲೆ ನಿಂತು ಅಗ್ಗಿಷ್ಟಿಕೆಯ ಮೇಲಿನ ಗೋಡೆಯಿಂದ ಎರಡು ಸಡಿಲ ಇಟ್ಟಿಗೆಗಳನ್ನು ಆಗಷ್ಟೇ ಎಳೆದು ತೆಗೆದಿದ್ದ. ಒಳಗಿನ ಗೂಡಿನಲ್ಲಿ ಅಂಗೈಯಷ್ಟು ಉದ್ದದ ಒಂದು ಬೂಟು ಕೂತಿತ್ತು. ಮಗುವಿನ ಎಡಗಾಲಿನದು. ಒಳಗಿದ್ದ ಐದು ಬೆರಳುಗಳ ಅಚ್ಚು ಚರ್ಮದ ಮೇಲೆ ಸ್ಪಷ್ಟವಾಗಿ ಉಬ್ಬಿತ್ತು. ಮುಟ್ಟಿದರೆ ಬೆಚ್ಚಗಿತ್ತು. ಮಸಿಯ ವಾಸನೆಯ ಅಡಿಯಲ್ಲಿ, ಆಡಿ ಬಂದ ಮಗುವಿನ ಕಾಲಿನ ಬೆವರ ವಾಸನೆ ತೆಳುವಾಗಿ ಬರುತ್ತಿತ್ತು.

"ದಾಟಿಸಿದ್ರೆ ಏನಾಗುತ್ತೆ, ಮಿಸೆಸ್ ಗ್ಯಾಡ್? ಕುಂಟಾಬಿಲ್ಲೆ ಆಡ್ಕೊಂಡು ಹಿಂದೇನೇ ಬಂದ್ಬಿಡುತ್ತಾ?"

"ದಾಟಿಸಿದವರ ಮಗು ಅದರೊಳಗೆ ಕಾಲಿಡುತ್ತೆ."

ಮುದುಕಿ ಹಾಗೆಂದು ಬಾಗಿಲ ಕಡೆ ನೋಡಿದಳು. ಮೆಟ್ಟಿಲ ಮೇಲೆ ಎಡ್ವಿನ್‌ನ ಏಳು ವರ್ಷದ ಮಗಳು ಟ್ಯಾಮ್ಸಿನ್ ಕೂತು ಕಡಲತೀರದಿಂದ ತಂದ ಚಿಪ್ಪುಗಳನ್ನು ಜೋಡಿಸುತ್ತಿದ್ದಳು. ಫೆಬ್ರವರಿಯಲ್ಲಿ ಶಾಲೆಗೆ ಒಂದು ವಾರದ ರಜೆ. ಬೇರೆಯಾದ ಹೆಂಡತಿ ಲೀಡ್ಸ್‌ನಲ್ಲಿದ್ದಳು. ಮಗಳು ಈ ವಾರ ಮಾತ್ರ ಅವನ ಪಾಲಿಗೆ ಸಿಕ್ಕಿದ್ದಳು.

ಎಡ್ವಿನ್‌ನ ಕಸುಬು ಹಳೆಯ ಕಟ್ಟಡಗಳ ಚರಿತ್ರೆ ಬರೆಯುವುದು. ನಮ್ಮ ವೆನ್ಮತ್ ಊರಿನ ನೋಡತಕ್ಕ ಕಟ್ಟಡಗಳ ಬಗ್ಗೆ ಒಂದು ಕಿರುಹೊತ್ತಗೆ ಬರೆಯಲು ಲಂಡನ್ನಿನಿಂದ ಬಂದಿದ್ದ. ಈರುಳ್ಳಿ ಗುಮ್ಮಟದ ನೃತ್ಯಮಂದಿರ, ಬೆಂಕಿಕಲ್ಲಿನ ಕರಿ ಚರ್ಚು, ಬೆಂಕಿಪೊಟ್ಟಣದಂಥ ಮೈಗೆ ಗ್ರೀಕರ ಕಂಬ ನಿಲ್ಲಿಸಿಕೊಂಡ ಸುಂಕದ ಕಟ್ಟೆ, ಎಲ್ಲ ಮುಗಿಸಿ ಕೊನೆಗೆ ಪೆಲ್ ಮನೆಗೆ ಬಂದಿದ್ದ. ಸಮುದ್ರಕ್ಕೆ ಹೊಟ್ಟೆ ಉಬ್ಬಿಸಿ ನಿಂತ ಕಿಟಕಿಗಳು, ಕಬ್ಬಿಣದ ಬಳ್ಳಿಯ ಬಾಲ್ಕನಿ, ಇಟ್ಟಿಗೆಯ ಗೋಡೆ. ಇಟ್ಟಿಗೆಯೂ ಅಲ್ಲ, ಮರದ ಚೌಕಟ್ಟಿಗೆ ಮೊಳೆ ಹೊಡೆದು ತಗುಲಿಹಾಕಿದ ಹೆಂಚು, ದೂರದಿಂದ ಇಟ್ಟಿಗೆಯಂತೆ ಕಾಣುತ್ತದೆ ಅಷ್ಟೆ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು. ನಮ್ಮೂರಿನ ಶ್ರೀಮಂತರು ಕಟ್ಟಿದ್ದೆಲ್ಲ ಹೀಗೆಯೇ.

ಮನೆ ಖಾಲಿ. ನೆಲಮಾಳಿಗೆಯಲ್ಲಿ ವಿನ್ನಿ ಗ್ಯಾಡ್ ಒಬ್ಬಳೇ ಕಾವಲಿಗಿದ್ದಳು. ಎಪ್ಪತ್ತೆಂಟರ ಹೆಂಗಸು, ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದಳು. ಮನೆಯಲ್ಲಿ ಯಾರಿರಲಿ ಬಿಡಲಿ, ಆ ಒಂದು ಕೋಣೆಯ ಅಗ್ಗಿಷ್ಟಿಕೆಗೆ ದಿನವೂ ಕಲ್ಲಿದ್ದಲು ಹಾಕಿ ಬೆಂಕಿ ಉಳಿಸುತ್ತಿದ್ದಳು. ಎಡ್ವಿನ್ ಅದನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಪಕ್ಕದಲ್ಲಿ ಒಂದು ನಗುವಿನ ಮುಖ ಬಿಡಿಸಿದ್ದ.

ಮಧ್ಯಾಹ್ನದ ಚಹಾದ ಹೊತ್ತಿಗೆ ಅವಳು ಎರಡನೆಯ ಸಲ ಹೇಳಿದಳು.

"ಈ ಮನೆ ಕಟ್ಟಿಸಿದ ಜೋಸಾಯ ಪೆಲ್‌ಗೆ ಹುಟ್ಟಿದ ಮಕ್ಕಳು ಉಳೀತಿರ್ಲಿಲ್ಲ ಕಣಪ್ಪ. ಜವುಗು ಬಯಲಲ್ಲಿದ್ದ ಮಾಟಗಾತಿ ಹತ್ರ ಹೋದ. ಅವಳು ಅಂದ್ಳು, ಬೇರೆಯವರ ಮಗುವಿನ ಬೂಟನ್ನ ನಿನ್ನ ಹೊಗೆಗೂಡಲ್ಲಿ ಇಟ್ಟು ಮುಚ್ಚು, ನಿನ್ನ ಮನೆಗೆ ಬರೋ ಸಾವು ಆ ಮಗುವಿನ ಕಡೆ ತಿರುಗುತ್ತೆ ಅಂತ. ಇಟ್ಟಿಗೆ ಹೊರೋ ಹೆಂಗಸಿನ ಮಗುವಿನ ಬೂಟು ಕದ್ದು ಇಟ್ಟ. ಆ ಚಳಿಗಾಲದಲ್ಲೇ ಮಗು ಕಾಲು ಮರಗಟ್ಟಿ ಸತ್ತೋಯ್ತು."

"ಆ ತಾಯಿ?"

"ಹೊಸಿಲಲ್ಲಿ ನಿಂತು ಶಾಪ ಹಾಕಿದ್ಳು. ನನ್ನ ಮಗಳು ಅಲ್ಲೇ ಬೆಚ್ಚಗೆ ಇರಲಿ, ಅವಳನ್ನ ಆಚೆಗೆ ತಂದವರ ಮಗು ಅವಳ ಬೂಟು ಮೆಟ್ಟಲಿ."

ಎಡ್ವಿನ್ ನಕ್ಕ. ಹಳೆಯ ಮನೆಗಳ ಹೊಗೆಗೂಡಿನಲ್ಲಿ ಒಂಟಿ ಬೂಟು ಬಚ್ಚಿಡುವುದು ಈ ದೇಶದ ಹಳೇ ರೂಢಿ. ಇಂಥ ಹನ್ನೊಂದು ಬೂಟುಗಳನ್ನು ಅವನು ಕೈಯಾರೆ ತೆಗೆದಿದ್ದ. ಒಂದೂ ಅವನನ್ನು ಕಚ್ಚಿರಲಿಲ್ಲ. "ಪ್ರತಿ ಊರಲ್ಲೂ ಒಂದು ತಾಯಿ, ಒಂದು ಶಾಪ ಇದ್ದೇ ಇರುತ್ತೆ ಮಿಸೆಸ್ ಗ್ಯಾಡ್. ಇದು ಹೀಗೇ ಇದ್ರೆ ಹುಳ ತಿಂದು ಪುಡಿಯಾಗುತ್ತೆ. ಮ್ಯೂಸಿಯಂನಲ್ಲಿ ಸುರಕ್ಷಿತವಾಗಿರುತ್ತೆ."

ಗುರುವಾರ ಬೆಳಿಗ್ಗೆ ಬೂಟನ್ನು ತೆಳು ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದ. ಲಂಡನ್ ಮ್ಯೂಸಿಯಂನ ವ್ಯಾನು ಬಂತು. ಪೆಟ್ಟಿಗೆ ಹಿಡಿದು ಅವನೇ ಹೊಸಿಲು ದಾಟಿದ. ಮುದುಕಿ ಮೆಟ್ಟಿಲ ಕಟಕಟೆ ಹಿಡಿದು ನೋಡುತ್ತ ನಿಂತಿದ್ದಳು. ಮೂರನೆಯ ಸಲ ಏನೂ ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಟ್ಯಾಮ್ಸಿನ್ ಹಾಸಿಗೆಯಿಂದ ಏಳಲಿಲ್ಲ.

"ಅಪ್ಪ, ನನ್ನ ಕಾಲು ಇಲ್ಲ."

ಹೊದಿಕೆ ಸರಿಸಿದ. ಕಾಲು ಇತ್ತು. ಎಡಪಾದ ಮೇಣದ ಹಾಗೆ ಬೆಳ್ಳಗಿತ್ತು. ಮುಟ್ಟಿದವನು ಕೈ ಹಿಂದಕ್ಕೆ ಎಳೆದುಕೊಂಡ. ಬಿಸಿನೀರಿನ ಚೀಲ ಕಟ್ಟಿದ. ಕಾಲು ಗಂಟೆಯಲ್ಲಿ ಚೀಲದ ನೀರೇ ತಣ್ಣಗಾಯಿತು. ಆಸ್ಪತ್ರೆಗೆ ಎತ್ತಿಕೊಂಡು ಓಡಿದ. ನಾಡಿ ಇದೆ, ರಕ್ತ ಓಡುತ್ತಿದೆ, ಹೀಗೇಕೆ ಎಂದು ಗೊತ್ತಾಗುತ್ತಿಲ್ಲ ಎಂದರು. ಬೆಚ್ಚಗಿನ ನೀರಲ್ಲಿ ಅದ್ದಿದರು, ಸೂಜಿ ಹಾಕಿದರು, ಕಾದು ನೋಡೋಣ ಎಂದರು. ಕಾಯುತ್ತ ಕೂತಾಗ ಬೆರಳ ಸಂದಿಯಲ್ಲಿ ಮಂಜಿನ ಪುಡಿ ಕಟ್ಟಿತು. ವಾರ್ಡಿನ ಔಷಧಿಯ ವಾಸನೆಯ ನಡುವೆ ಅವನಿಗೆ ಮಸಿಯ ವಾಸನೆ ಹೊಡೆಯಿತು. ಬಗ್ಗಿ ಪಾದಕ್ಕೆ ಕಿವಿ ಇಟ್ಟ. ಒಳಗಿನಿಂದ, ಬಹಳ ದೂರದಿಂದ ಎಂಬಂತೆ, ಯಾವುದೋ ಯಂತ್ರದ ಗುಂಯ್ ಸದ್ದು ಒಂದೇ ಸಮನೆ ಕೇಳಿಸುತ್ತಿತ್ತು.

ಆ ಸದ್ದು ಅವನಿಗೆ ಗೊತ್ತಿತ್ತು. ಮ್ಯೂಸಿಯಂಗೆ ಬರುವ ಹಳೆಯ ಚರ್ಮ, ಬಟ್ಟೆಯನ್ನೆಲ್ಲ ಹುಳ ಸಾಯಲೆಂದು ಮೊದಲು ಎರಡು ವಾರ ಫ್ರೀಜರ್‌ನಲ್ಲಿಡುತ್ತಾರೆ. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ. ಹಾಗೆ ಇಡಿ ಎಂದು ಕಾಗದದಲ್ಲಿ ಬರೆದು ಸಹಿ ಮಾಡಿದವನು ಅವನೇ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮ್ಯೂಸಿಯಂಗೆ ಫೋನ್ ಮಾಡಿದರೆ ಉಗ್ರಾಣ ಶುಕ್ರವಾರ ಮಧ್ಯಾಹ್ನಕ್ಕೇ ಮುಚ್ಚಿತ್ತು, ಸೋಮವಾರ ಮಾಡಿ ಎಂದಿತು ಯಂತ್ರದ ಧ್ವನಿ. ಉಗ್ರಾಣ ನೋಡಿಕೊಳ್ಳುವ ಹ್ಯಾರಿಯೆಟ್‌ಳ ಮನೆಯ ನಂಬರು ಸಿಕ್ಕಾಗ ಕತ್ತಲಾಗುತ್ತಿತ್ತು.

"ಅರ್ಧದಲ್ಲಿ ತೆಗೆಯೋ ಹಾಗಿಲ್ಲ ಎಡ್ವಿನ್. ಆ ನಿಯಮ ಬರ್ದವರಲ್ಲಿ ನೀವೂ ಒಬ್ರು."

"ನನ್ನ ಮಗಳ ಕಾಲು ಅದು."

"ಏನಂದ್ರಿ?"

"ನಗಬೇಡ ಹ್ಯಾರಿಯೆಟ್. ಹುಚ್ಚ ಅಂತ ಬೇಕಾದ್ರೆ ಬರ್ಕೋ. ನಾಳೆ ಬಂದು ಬಾಗಿಲು ತೆಗಿ. ನಿನ್ನ ಕಾಲಿಗೆ ಬೀಳ್ತೀನಿ."

ಅವಳು ನಗಲಿಲ್ಲ. ಬರುತ್ತೇನೆ ಎಂದಳು.

ಟ್ಯಾಮ್ಸಿನ್ ಆಸ್ಪತ್ರೆಯಲ್ಲಿ ಇರಲಾರೆ ಎಂದು ಅತ್ತಳು. ಪೆಲ್ ಮನೆಯ ಆ ಬೆಂಕಿಯ ಹತ್ತಿರ ಹೋಗಬೇಕು ಎಂದು ಒಂದೇ ಹಟ. ಶನಿವಾರ ಬೆಳಿಗ್ಗೆ ಅವಳನ್ನು ಅಗ್ಗಿಷ್ಟಿಕೆಯ ಮುಂದೆ ಮುದುಕಿಯ ಮಡಿಲಲ್ಲಿ ಬಿಟ್ಟು ಎಡ್ವಿನ್ ರೈಲು ಹತ್ತಿದ. ಆ ಹೊತ್ತಿಗೆ ಬಿಳುಪು ಕಣಕಾಲು ದಾಟಿ ಮೇಲೆ ಏರಿತ್ತು.

ಹ್ಯಾರಿಯೆಟ್ ಫ್ರೀಜರಿನ ಮುಚ್ಚಳ ಎತ್ತಿದಾಗ ಬಿಳಿ ಹೊಗೆ ನೆಲಕ್ಕೆ ಇಳಿಯಿತು. ಪೆಟ್ಟಿಗೆಯಲ್ಲಿದ್ದ ಬೂಟು ಕಲ್ಲಾಗಿತ್ತು.

"ಮೆಲ್ಲಗೆ," ಎಂದ ಎಡ್ವಿನ್. "ಬಗ್ಗಿಸ್ಬೇಡ. ಬೆರಳಿನ ಹತ್ರ ಹಿಡೀಬೇಡ."

ಅಂಗಿಯ ಗುಂಡಿ ಬಿಚ್ಚಿ ಬೂಟನ್ನು ಬರಿಯ ಎದೆಗೆ ಒತ್ತಿಕೊಂಡ. ಚರ್ಮ ಸುಟ್ಟಂತಾಯಿತು. ಹಾಗೇ ಸ್ಟೇಷನ್ನಿಗೆ ನಡೆದ. ರೈಲಿನಲ್ಲಿ ಎದುರು ಕೂತವರು ಬೇರೆ ಕಡೆ ನೋಡಿದರು. ಜನ ಹತ್ತಿದರು. ಅವನು ಮೈ ಮುದುಡಿಕೊಂಡ. ಯಾರಾದರೂ ತಾಗಿದರೆ? ಬಿದ್ದರೆ? ಸೀಳಿಹೋದರೆ? ರೈಲು ಬಯಲಿನ ನಡುವೆ ನಿಂತಿತು. ಸಿಗ್ನಲ್ ಕೆಟ್ಟಿದೆ ಎಂದರು. ಹತ್ತು ನಿಮಿಷ. ಅರ್ಧ ಗಂಟೆ. ಕಿಟಕಿಯಾಚೆ ಮಂಜು. ಒಳಗೆ ಯಾರೋ ಚಿಪ್ಸ್ ಜಗಿಯುವ ಸದ್ದು. ಬೂಟು ಕರಗತೊಡಗಿತು. ತಣ್ಣನೆಯ ನೀರು ಹೊಟ್ಟೆಯ ಮೇಲೆ ಇಳಿಯಿತು. ಮಸಿ, ಒದ್ದೆ ಚರ್ಮ, ಬೆವರಿನ ವಾಸನೆ. ಚರ್ಮ ಮೆತ್ತಗಾಯಿತು. ಆಮೇಲೆ ಬೂಟಿನೊಳಗೆ ಏನೋ ಅಲುಗಿತು. ಒಂದು. ಎರಡು. ಐದು ಪುಟ್ಟ ಬೆರಳುಗಳು ಅವನ ಎದೆಯನ್ನು ಗೀರಿ ಮಡಚಿಕೊಂಡವು.

ಅವನು ಕೂಗಲಿಲ್ಲ. ಎರಡೂ ಕೈಯಿಂದ ಇನ್ನಷ್ಟು ಅವುಚಿಕೊಂಡು, "ಬಂದೆ ಕಂದಾ, ಬಂದೆ," ಎಂದ.

ಪೆಲ್ ಮನೆ ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಏಣಿ ಹತ್ತಿ ಬೂಟನ್ನು ಗೂಡಿನಲ್ಲಿಟ್ಟು ಇಟ್ಟಿಗೆ ಮುಚ್ಚಿದ. ಕೆಳಗೆ ಟ್ಯಾಮ್ಸಿನ್ ನಿಟ್ಟುಸಿರು ಬಿಟ್ಟಳು. ಪಾದದ ಮೇಲೆ ಕೆಂಪು ನಿಧಾನವಾಗಿ ಹರಡಿತು. ಅವಳು ಬೆರಳು ಆಡಿಸಿ ನಕ್ಕಳು. ಎಡ್ವಿನ್ ಏಣಿಯ ಕೆಳಗೇ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತ.

ಕಣ್ಣು ಒರೆಸಿಕೊಂಡು ನೋಡಿದರೆ ವಿನ್ನಿ ಗ್ಯಾಡ್ ಕೋಟು ತೊಟ್ಟು ನಿಂತಿದ್ದಳು. ಪಕ್ಕದಲ್ಲಿ ಒಂದು ಸಣ್ಣ ಸೂಟ್‌ಕೇಸು.

"ಎಲ್ಲಿಗೆ ಹೊರಟ್ರಿ?"

ಅವಳು ಕುರ್ಚಿಯಲ್ಲಿ ಕೂತು ಎಡಗಾಲಿನ ಕಾಲುಚೀಲ ಕಳಚಿದಳು. ಎರಡು ಬೆರಳುಗಳಿರಲಿಲ್ಲ.

"ನಮ್ಮಪ್ಪ ಗಾರೆ ಕೆಲಸದವನು. ನಂಗೆ ಏಳು ವರ್ಷ ಇದ್ದಾಗ, ಪಬ್ಬಲ್ಲಿ ಗೆಳೆಯರಿಗೆ ತೋರ್ಸೋಣ ಅಂತ ಆ ಬೂಟು ಹೊತ್ಕೊಂಡು ಹೋದ. ರಾತ್ರಿಯೆಲ್ಲ ಚಳೀಲಿ ಕಿಟಕಿ ಕಟ್ಟೆ ಮೇಲೆ ಬಿಟ್ಟಿದ್ದ. ವಾಪಸ್ ತಂದಿಟ್ಟ, ನಾನು ಬದುಕ್ದೆ. ಆದ್ರೆ ಬೂಟು ನಂದಾಗೋಯ್ತು ಕಣಪ್ಪ. ಬೆಂಕಿ ಆರಿದ್ರೆ ಕಾಲು ಸಾಯುತ್ತೆ. ಈ ಮನೆ ಹೊಗೆಗೂಡು ಕಣ್ಣಿಗೆ ಕಾಣೋವಷ್ಟು ದೂರ ಹೋಗ್ಬಹುದು. ಅದರಾಚೆಗಿಲ್ಲ."

"ಬೂಟನ್ನೇ ಜೊತೆಗೆ ತೊಗೊಂಡು ಹೋದ್ರೆ? ಬೆಚ್ಚಗೆ ಇಟ್ಕೊಂಡು?"

"ಅಪ್ಪನೂ ಹಂಗೇ ಅಂದ. ಕಂಬಳಿ ಸುತ್ತಿ, ನನ್ನೂ ಅದನ್ನೂ ಎತ್ಕೊಂಡು ಸ್ಟೇಷನ್ ತನಕ ಹೋದ. ಎರಡು ಬೆರಳು ಅಲ್ಲೇ ಹೋದ್ವು."

ಮುದುಕಿ ಕಾಲುಚೀಲ ಹಾಕಿಕೊಂಡಳು.

"ಗುರುವಾರ ನೀವು ಹೊಸಿಲು ದಾಟಿದ ಗಳಿಗೆ ನನ್ನ ಕಾಲು ಬೆಚ್ಚಗಾಯ್ತು. ಎಪ್ಪತ್ತೊಂದು ವರ್ಷ ಆದ್ಮೇಲೆ. ಎರಡು ಸಲ ಹೇಳ್ದೆ ನಿಮಗೆ. ಮೂರನೇ ಸಲ ಬಾಯಿ ತನಕ ಬಂತು, ನುಂಗಿಕೊಂಡೆ. ದೇವರು ನನ್ನ ಏನು ಬೇಕಾದ್ರೂ ಮಾಡ್ಲಿ."

"ಬಿಡಿಸೋ ದಾರಿ ಹೇಳಿ. ಕೈ ಮುಗೀತೀನಿ."

"ಬೇರೆ ಯಾರಾದ್ರೂ ದಾಟಿಸ್ಬೇಕು. ಮಕ್ಕಳಿರೋರು." ಅವಳು ಮಗುವಿನ ತಲೆ ಸವರಿದಳು. "ಕಲ್ಲಿದ್ದಲು ನೆಲಮಾಳಿಗೆಯಲ್ಲಿದೆ. ಒದ್ದೆ ಇದ್ದದ್ದು ಹಾಕ್ಬೇಡಿ, ಹೊಗೆ ಜಾಸ್ತಿ."

ಅವಳು ಹೊರಟಳು. ಕಾಲು ಎಳೆಯದೆ ನಡೆದಳು.

ಮರುದಿನ ಭಾನುವಾರ ಎಡ್ವಿನ್ ಮಗಳ ಕೈ ಹಿಡಿದು ಕಡಲ ದಂಡೆಯಲ್ಲಿ ಹೊರಟ. ನೃತ್ಯಮಂದಿರ ದಾಟಿದರು, ಸುಂಕದ ಕಟ್ಟೆ ದಾಟಿದರು. ಅವನು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದ. ಚರ್ಚಿನ ಗೋಡೆ ಅಡ್ಡ ಬಂದು ಪೆಲ್ ಮನೆಯ ಹೊಗೆಗೂಡು ಮರೆಯಾದ ಕೂಡಲೇ ಟ್ಯಾಮ್ಸಿನ್ ಚೀರಿದಳು. ಅವನು ಎತ್ತಿಕೊಂಡು ಹಿಂದಕ್ಕೆ ಓಡಿದ.

ಬೆಂಕಿಯ ಮುಂದೆ ಪಾದ ತಿಕ್ಕುತ್ತಿದ್ದಾಗ ಅವಳು ಕೇಳಿದಳು, "ಅಪ್ಪ, ಸಂಜೆ ಅಮ್ಮ ಕರ್ಕೊಂಡು ಹೋಗೋಕೆ ಬರ್ತಾಳಲ್ಲ, ಏನು ಹೇಳ್ತೀಯ?"

"ಯೋಚನೆ ಮಾಡ್ತಿದೀನಿ ಪುಟ್ಟಿ."

"ಸ್ಕೂಲು?"

ಅವನು ಇನ್ನೆರಡು ತುಂಡು ಕಲ್ಲಿದ್ದಲು ಹಾಕಿದ. ಮಗಳು ಅಲ್ಲೇ ನಿದ್ದೆ ಹೋದಳು. ಅವಳ ಅಮ್ಮ ಬರಲು ಮೂರು ಗಂಟೆ ಇತ್ತು. ಆಕೆ ಮಗಳನ್ನು ಬಿಟ್ಟು ಹೋಗುವವಳಲ್ಲ. ಬೂಟಿನ ಕತೆಯನ್ನು ನಂಬುವವಳೂ ಅಲ್ಲ.

ಎಡ್ವಿನ್ ಬಹಳ ಹೊತ್ತು ಮಗಳ ಪಾದವನ್ನೇ ನೋಡುತ್ತ ಕೂತ. ಆಮೇಲೆ ಹೊತ್ತಗೆಯ ಹಸ್ತಪ್ರತಿ ತೆಗೆದು ಪೆಲ್ ಮನೆಯ ಪುಟ ಬಿಡಿಸಿದ. ಎರಡು ಸಲ ಬರೆದು ಹೊಡೆದುಹಾಕಿದ. ಮೂರನೆಯ ಸಲ ಹೊಡೆಯಲಿಲ್ಲ.

"ಅಗ್ಗಿಷ್ಟಿಕೆಯ ಮೇಲಿನ ಗೂಡಿನಲ್ಲಿ ಅಪರೂಪದ ಹಳೆಯ ಬೂಟೊಂದಿದೆ. ಎರಡು ಇಟ್ಟಿಗೆಗಳು ಸಡಿಲವಾಗಿವೆ. ಆಸಕ್ತರು ಬೂಟನ್ನು ಹೊರಗೆ ತೆಗೆದು, ಮುಂಬಾಗಿಲ ಆಚೆ, ಬೆಳಕಿನಲ್ಲಿ ನೋಡಬಹುದು. ಮಕ್ಕಳನ್ನು ತಪ್ಪದೆ ಕರೆತನ್ನಿ."