ಅಕ್ಕಿ ಭಂಡಾರದ ಹಿತ್ತಿಲ ಬಾಗಿಲು

"ನಿಲ್ಸಿ! ಯಾರನ್ನ ಕೇಳಿ ಗೋಡೆ ಒಡೀತಿದೀರಿ?"

ಸರೋಜಳ ದನಿಗೆ ಹಾರೆ ಅರ್ಧಕ್ಕೇ ನಿಂತಿತು. ಹಾರೆ ಹಿಡಿದಿದ್ದ ಧರ್ಮಪ್ಪ ತಿರುಗಿ ನೋಡಿದ. ತಲೆ, ಹುಬ್ಬು, ಮೀಸೆ ಎಲ್ಲ ಕೆಂಪು ಧೂಳು. ಅವನ ಹಿಂದೆ, ಭಂಡಾರದ ಜಂಬಿಟ್ಟಿಗೆ ಕಲ್ಲಿನ ಗೋಡೆಯಲ್ಲಿ ಒಬ್ಬರು ತೂರುವಷ್ಟು ಕಿಂಡಿಯಾಗಿತ್ತು. ಗಾರೆ ಕೆಲಸದ ತಿಮ್ಮಣ್ಣ ಒಮ್ಮೆ ಇವಳ ಮುಖ, ಒಮ್ಮೆ ಅವನ ಮುಖ ನೋಡಿ, ಎಲೆಯಡಿಕೆ ಚೀಲ ಬಿಚ್ಚಿಕೊಂಡು ಕೂತ. ಜಗಳ ಬೇಗ ಮುಗಿಯುವುದಲ್ಲ ಎಂದು ಅವನಿಗೆ ಗೊತ್ತಾಗಿತ್ತು.

"ಹಿಂದೊಂದು ಬಾಗಿಲು ಇದ್ರೆ ಒಳ್ಳೇದು ಟೀಚರ್ರೇ."

"ಯಾರಿಗೆ ಒಳ್ಳೇದು?"

"ಅಕ್ಕಿಗೆ ಬರೋ ಜನಕ್ಕೆ."

"ಮುಂದೆ ಅಷ್ಟು ದೊಡ್ಡ ಬಾಗಿಲಿದೆಯಲ್ಲ, ಅದಕ್ಕೆ ಎಂತ ಆಗಿದೆ?"

ಧರ್ಮಪ್ಪ ತಿಮ್ಮಣ್ಣನ ಕಡೆ ನೋಡಿದ. ಏನೋ ಹೇಳಲು ಹೊರಟವನು ನುಂಗಿಕೊಂಡ. "ಆಮೇಲೆ ನಿಮಗೇ ಗೊತ್ತಾಗತ್ತೆ" ಎಂದ.

ಅಷ್ಟೇ ಸಾಕಾಯಿತು ಸರೋಜಳಿಗೆ. ಮುಂಬಾಗಿಲ ಪಕ್ಕದಲ್ಲೇ ಇವನ ದಿನಸಿ ಅಂಗಡಿ. ಬಡವರು ಅಲ್ಲಿ ಸಾಲು ನಿಂತರೆ ಗಿರಾಕಿಗಳಿಗೆ ಮುಜುಗರ. ಅದಕ್ಕೇ ಈ ಹಾರೆ, ಈ ಕಿಂಡಿ!

"ನಿಮ್ಮ ಅಂಗಡಿ ಎದುರು ಬಡವರು ನಿಲ್ಲಬಾರದು ಅಂತ ನೇರವಾಗಿ ಹೇಳಿ ಧರ್ಮಪ್ಪನವ್ರೇ. ಅವರನ್ನ ಹಿತ್ತಿಲಿಗೆ ತಳ್ಳಿ, ಅದಕ್ಕೆ ಒಳ್ಳೇದು ಅಂತ ಹೆಸರಿಡಬೇಡಿ. ಈ ಕಿಂಡಿ ಮುಚ್ಚಿಸಿ."

ಅವನ ಮುಖ ಧೂಳಿಗಿಂತ ಕೆಂಪಾಯಿತು. ಕೆಳಗೆ ಬಿದ್ದಿದ್ದ ಕಲ್ಲೊಂದನ್ನು ಎತ್ತಿ ಮತ್ತೆ ಗೋಡೆಗೆ ಇಟ್ಟ.

ಅದು ೧೯೭೮ರ ಶ್ರಾವಣ. ಗದ್ದೆ ನಾಟಿ ಮುಗಿದಿತ್ತು. ಇನ್ನು ಕೊಯ್ಲಿನ ತನಕ ಕೂಲಿಯಿಲ್ಲ. ಕೂಲಿಯವರ ಮನೆಗಳಲ್ಲಿ ಅಕ್ಕಿಯೂ ಇಲ್ಲ. ಅದಕ್ಕೇ ರಿಪ್ಪನ್‌ಪೇಟೆಯ ಮಹಿಳಾ ಸಮಾಜದವರು ಅಕ್ಕಿ ಭಂಡಾರ ಮಾಡಲು ಹೊರಟಿದ್ದರು. ಉಳ್ಳವರ ಮನೆಯ ಹೆಂಗಸರು ದಿನಾ ಅನ್ನಕ್ಕೆ ಅಕ್ಕಿ ತೊಳೆಯುವ ಮೊದಲು ಒಂದು ಮುಷ್ಟಿ ತೆಗೆದು ಗಡಿಗೆಗೆ ಹಾಕುವುದು, ಗಡಿಗೆ ತುಂಬಿದ ಮೇಲೆ ಭಂಡಾರಕ್ಕೆ ತಂದು ಸುರಿಯುವುದು. ಹೀಗೆ ಸೇರಿದ ಅಕ್ಕಿ ಆರು ಮೂಟೆಯಾಗಿತ್ತು. ಬಸ್‌ಸ್ಟ್ಯಾಂಡಿನ ಎದುರಿದ್ದ ಹಳೇ ಅಡಿಕೆ ಗೋಡೌನನ್ನು ಧರ್ಮಪ್ಪನ ತಂದೆ ಮಂಜಯ್ಯನವರು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿದ್ದರು.

ಸಮಾಜದ ಅಧ್ಯಕ್ಷೆ ದುಗ್ಗಮ್ಮ, ಸರೋಜಳ ದೊಡ್ಡಮ್ಮ. ಸರೋಜ ತೀರ್ಥಹಳ್ಳಿ ಕಡೆಯ ಹುಡುಗಿ. ಬಿ.ಎ. ಮುಗಿಸಿ, ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಳು. ಭಂಡಾರ ಅವಳ ಕನಸು. ಆ ಕನಸಿನ ಜೊತೆಗೇ, ಯಾರಿಗೂ ಹೇಳದ ಇನ್ನೊಂದೂ ಇತ್ತು. ಮೂಟೆ ಹೊರಲು, ಹೆಂಚು ಸರಿಮಾಡಲು, ಇಲಿಗೆ ಹಲಗೆ ಕಟ್ಟಲು ಕರೆಯದೆಯೇ ಬರುತ್ತಿದ್ದ ಧರ್ಮಪ್ಪನನ್ನು ಅವಳು ಬಾಲವಾಡಿಯ ಕಿಟಕಿಯಿಂದ ನೋಡುತ್ತಿದ್ದಳು. ಮಕ್ಕಳಿಗೆ 'ಅ' ಬರೆಸುತ್ತ ಬೋರ್ಡಿನ ಮೇಲೆ 'ಧ' ಬರೆದು ಒರೆಸಿದ್ದೂ ಉಂಟು.

ಅಂದು ಸಂಜೆ ದೊಡ್ಡಮ್ಮ ಅದೇ ಮಾತೆತ್ತಿದರು.

"ಮಂಜಯ್ಯನವರು ಹೇಳಿ ಕಳ್ಸಿದಾರೆ ಕಣೇ. ಧರ್ಮಪ್ಪಂಗೆ ನಿನ್ನ ಕೇಳ್ತಿದಾರೆ. ಎಂತ ಹೇಳ್ಲಿ?"

ನಿನ್ನೆ ಕೇಳಿದ್ದರೆ ಸರೋಜ ನಾಚಿ ಒಳಗೆ ಓಡುತ್ತಿದ್ದಳು. ಇವತ್ತು ಬೆಳಗ್ಗೆ ಗೋಡೆ ನೋಡಿ ಬಂದಿದ್ದಳಲ್ಲ.

"ಬಡವರನ್ನ ಹಿತ್ತಿಲಿಗೆ ತಳ್ಳೋರ ಮನೆ ನಂಗೆ ಬೇಡ ದೊಡ್ಡಮ್ಮಾ."

ಆ ಮಾತು ಹಾಗೆಯೇ ಹೋಗಿ ಅವನ ಕಿವಿ ಮುಟ್ಟಿತು. ಪೇಟೆಯಲ್ಲಿ ಒಳ್ಳೆಯ ಮಾತು ನಡೆದು ಹೋದರೆ ಕೆಟ್ಟ ಮಾತು ಬಸ್ಸು ಹತ್ತಿ ಹೋಗುತ್ತದೆ.

ಭಂಡಾರದ ಉದ್ಘಾಟನೆ ಜೋರಾಗಿ ನಡೆಯಿತು. ಮೈಕು, ಮಾವಿನ ತೋರಣ, ಹೊಸನಗರದಿಂದ ಬಂದ ಸಾಹೇಬರು. ಅಳೆಯಲು ಸೇರು ಇಲ್ಲದ್ದು ಕೊನೇ ಗಳಿಗೆಯಲ್ಲಿ ನೆನಪಾಗಿ, ಧರ್ಮಪ್ಪನ ಅಂಗಡಿಯಿಂದ ಹಿತ್ತಾಳೆ ಸೇರು ತರಿಸಿದರು. ಮೊದಲ ಅಕ್ಕಿಗೆ ಗುತ್ಯಮ್ಮ ಎಂಬ ಕೂಲಿ ಹೆಂಗಸನ್ನು ಮೈಕಿನಲ್ಲಿ ಹೆಸರು ಕೂಗಿ ವೇದಿಕೆಗೆ ಕರೆದರು. ಫೋಟೋದವನು "ಈ ಕಡೆ ನೋಡಮ್ಮಾ" ಎಂದ. ಗುತ್ಯಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಸರೋಜ ಚಪ್ಪಾಳೆ ತಟ್ಟಿದಳು. ಅದು ನಾಚಿಕೆ ಎಂದುಕೊಂಡಳು.

ಮರುದಿನ ಸೇರನ್ನು ತಾನೇ ವಾಪಸು ತೆಗೆದುಕೊಂಡು ಹೋದಳು. ಬೇರೆಯವರ ಪಾತ್ರೆಯನ್ನು ಖಾಲಿ ಕೊಡುವ ಪದ್ಧತಿ ಈ ಸೀಮೆಯಲ್ಲಿಲ್ಲ. ನಾಲ್ಕು ಕಾಳು ಅಕ್ಕಿ, ಒಂದು ಅಚ್ಚು ಬೆಲ್ಲ, ಏನೂ ಇಲ್ಲದಿದ್ದರೆ ಹಿತ್ತಿಲ ಒಂದು ಹೂವಾದರೂ ಇಟ್ಟು ಕೊಡುತ್ತಾರೆ. ಸರೋಜ ಬೇಕೆಂದೇ ಖಾಲಿ ಸೇರನ್ನು ಅಂಗಡಿ ಕಟ್ಟೆಯ ಮೇಲೆ ಟಣ್ಣೆಂದು ಇಟ್ಟಳು.

ಧರ್ಮಪ್ಪ ಅದರೊಳಗೆ ಒಮ್ಮೆ ನೋಡಿದ. ಮತ್ತೆ ಅವಳನ್ನು ನೋಡಿದ. "ಆಯ್ತು" ಎಂದು ಸೇರನ್ನು ಮೇಲಿನ ಹಲಗೆಗೆ ಎತ್ತಿಟ್ಟ.

ಗೆದ್ದೆ ಎಂದುಕೊಂಡೇ ಬಂದಳು. ಆದರೆ ಅವತ್ತು ರಾತ್ರಿ ಊಟ ಸೇರಲಿಲ್ಲ. ಸಿಟ್ಟು ಅವನ ಮೇಲೋ ತನ್ನ ಮೇಲೋ ಎಂಬುದೂ ಬಗೆಹರಿಯಲಿಲ್ಲ.

ಭಂಡಾರಕ್ಕೆ ಯಾರೂ ಬರಲಿಲ್ಲ.

ಮುಂಬಾಗಿಲು ಅಗಲವಾಗಿ ತೆಗೆದು ಸರೋಜ ಕಾದಳು. ಹೆಂಗಸರು ಬಸ್‌ಸ್ಟ್ಯಾಂಡಿನ ಮರದಡಿಯವರೆಗೆ ಬರುತ್ತಿದ್ದರು. ಬಸ್ಸಿಗೆ ಕಾಯುವ ಜನರನ್ನು ನೋಡುತ್ತಿದ್ದರು, ಹಾಗೇ ತಿರುಗಿ ಹೋಗುತ್ತಿದ್ದರು. ಎರಡು ವಾರದಲ್ಲಿ ಅಕ್ಕಿಯಲ್ಲಿ ಹುಳ ಕಾಣಿಸಿತು. "ಯಾರಿಗೂ ಬೇಡದ ಅಕ್ಕಿ ಎಂತಕ್ಕೆ ಕೂಡಿಡೋದು? ಶನಿವಾರದ ಮೀಟಿಂಗಲ್ಲಿ ಮುಚ್ಚೋದು ಅಂತ ತೀರ್ಮಾನ ಮಾಡಾಣ" ಎಂದರು ಸಮಾಜದವರು. ದೊಡ್ಡಮ್ಮ ಇನ್ನೊಂದು ಸುದ್ದಿಯನ್ನೂ ತಂದಿದ್ದರು. "ಧರ್ಮಪ್ಪ ಭಾನುವಾರ ಸಾಗರಕ್ಕೆ ಹೆಣ್ಣು ನೋಡಕ್ಕೆ ಹೋಗ್ತಾನಂತೆ."

"ಹೋಗ್ಲಿ ಬಿಡಿ" ಎಂದಳು ಸರೋಜ. ಬಾಯಿ ಹೇಳಿತು, ಅಷ್ಟೇ.

ಶುಕ್ರವಾರ ಅವಳು ಗುತ್ಯಮ್ಮನ ಕೇರಿಗೆ ಹೋದಳು. ಮನೆಯ ಮುಂದೆ ಯಾರೂ ಇರಲಿಲ್ಲ. ಬದಿಯಿಂದ ಹಿತ್ತಿಲಿಗೆ ಬಂದರೆ, ಗುತ್ಯಮ್ಮ ಪಕ್ಕದ ಮನೆ ಕೆರಿಯಮ್ಮನ ಹಿತ್ತಿಲ ಬಾಗಿಲಲ್ಲಿ ಚೊಂಬು ಹಿಡಿದು ನಿಂತಿದ್ದಳು. ಕೆರಿಯಮ್ಮ ತನ್ನ ಗಡಿಗೆಯ ತಳ ಕೆರೆದು ಒಂದು ಪಾವು ಅಕ್ಕಿ ಹಾಕಿದಳು. ಇಬ್ಬರೂ ನಗುತ್ತ ಯಾವುದೋ ಎಮ್ಮೆಯ ವಿಷಯ ಮಾತಾಡುತ್ತಿದ್ದರು.

ಸರೋಜಳಿಗೆ ತಡೆಯಲಾಗಲಿಲ್ಲ. "ಗುತ್ಯಮ್ಮಾ, ಭಂಡಾರದಲ್ಲಿ ಮೂಟೆಗಟ್ಟಲೆ ಅಕ್ಕಿ ಇದೆ. ಇವರ ಗಡಿಗೆ ಯಾಕೆ ಖಾಲಿ ಮಾಡ್ತೀಯ?"

ಗುತ್ಯಮ್ಮ ಚೊಂಬನ್ನು ಸೆರಗಿನಡಿ ಮಾಡಿದಳು.

"ಬ್ಯಾಸರ ಮಾಡ್ಕಬೇಡಿ ಟೀಚರಮ್ಮ. ಮುಂಬಾಗ್ಲಲ್ಲಿ ನಿಂತು ಇಸ್ಕಂಡ್ರೆ ಅದು ಭಿಕ್ಷೆ. ಹಿತ್ಲ ಬಾಗ್ಲಲ್ಲಿ ಇಸ್ಕಂಡ್ರೆ ಕಡ. ಕೊಯ್ಲಾದ್ಮೇಲೆ ನಾ ಇವ್ಳಿಗೆ ತಿರುಗಿ ಕೊಡ್ತೀನಿ, ಇವ್ಳಿಗೆ ಇಲ್ದಾಗ ಇವ್ಳು ನಮ್ಮ ಹಿತ್ಲಿಗೆ ಬರ್ತಾಳೆ. ಮುಂಬಾಗ್ಲಿಗೆ ಯಾರ್ ಬೇಕಾರೂ ಬರ್ತಾರೆ ಅಮ್ಮ. ಹಿತ್ಲ ಬಾಗ್ಲಿಗೆ ನಮ್ಮೋರೇ ಬರೋದು."

ಸರೋಜ ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತಳು.

"ನಿಮ್ಗೆ ಇದು ಗೊತ್ತಿಲ್ವಾ?" ಎಂದಳು ಕೆರಿಯಮ್ಮ. "ಮಂಜಯ್ಯೋರ ಅಂಗಡಿ ಆಗೋಕೆ ಮೊದ್ಲು ಅವ್ರೂ ಇದೇ ಕೇರೀಲಿ ಇದ್ರು. ಅವ್ರ ಹೆಂಡ್ತಿ ಮೂಕಮ್ಮೋರು ಧರ್ಮಪ್ಪಯ್ಯನ್ನ ಸೊಂಟದ ಮೇಲೆ ಇಟ್ಕಂಡು ನಮ್ಮತ್ತೆ ಹತ್ರ ಕಡ ಇಸ್ಕಳಕ್ಕೆ ಇದೇ ಬಾಗ್ಲಿಗೆ ಬರ್ತಿದ್ರು."

ಜನಕ್ಕೆ ಒಳ್ಳೇದು ಅಂದಿದ್ದ. ಆಮೇಲೆ ಗೊತ್ತಾಗತ್ತೆ ಅಂದಿದ್ದ. ಗಾರೆ ಕೆಲಸದವನ ಎದುರಿಗೆ ತನ್ನ ಅವ್ವ ಅಕ್ಕಿ ಕಡ ತಂದ ಕಥೆ ಹೇಗೆ ಹೇಳಿಯಾನು? ಅಯ್ಯೋ, ನಾನೆಂಥ ಮಾತು ಆಡಿಬಿಟ್ಟೆ... ಸರೋಜಳ ಕಣ್ಣು ತುಂಬಿತು. ಅವಳು ಒರೆಸಿಕೊಳ್ಳಲಿಲ್ಲ, ಎದ್ದು ಸೀದಾ ಪೇಟೆಯ ದಾರಿ ಹಿಡಿದಳು.

ಧರ್ಮಪ್ಪ ಮೆಣಸಿನಕಾಯಿ ತೂಗುತ್ತಿದ್ದ.

"ಹಾರೆ ಬೇಕಿತ್ತು" ಎಂದಳು ಸರೋಜ.

"ಎಂತಕ್ಕೆ?"

"ಗೋಡೆ ಒಡೀಬೇಕು. ಹಿಂದಿಂದು."

ತಕ್ಕಡಿ ಹಾಗೇ ನಿಂತಿತು. ಗಿರಾಕಿಗೆ ಮೆಣಸಿನಕಾಯಿ ಕಟ್ಟಿಕೊಟ್ಟು ಕಳಿಸುವವರೆಗೂ ಅವನು ತಲೆಯೆತ್ತಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದ, "ಹಾರೆ ಬೇಡ. ಸಿಮೆಂಟ್ ಹಾಕಿಲ್ಲ. ಬರೀ ಮಣ್ಣು ಮೆತ್ತಿದೀನಿ. ಕೈಯಲ್ಲೇ ಬರತ್ತೆ."

ಇಬ್ಬರೂ ಕಲ್ಲು ಕಿತ್ತರು. ಬಾಗಿಲೂ ತಯಾರಿತ್ತು, ಅಂಗಡಿಯ ಹಿಂದೆ ಗೋಣಿ ಹೊದಿಸಿ ಇಟ್ಟಿದ್ದ. ಅವನು ಚೌಕಟ್ಟು ಕೂರಿಸುವಾಗ ಸರೋಜ ಒಮ್ಮೆ ಬಾಯಿ ತೆರೆದಳು.

"ಧರ್ಮಪ್ಪನವ್ರೇ, ಅವತ್ತು ನಾನು..."

"ಮೊಳೆ ಕೊಡಿ" ಎಂದ ಅವನು. ಕೊಟ್ಟಳು.

ಅವನು ಕ್ಷಮಿಸಿಲ್ಲ ಎಂದು ಅವಳು ತಿಳಿದಳು. ಮಾತಾಡಿದರೆ ಅಳು ಬರುತ್ತದೆ ಎಂದು ಅವನು ಹೆದರಿದ್ದ. ಗಂಡಸರು ಇಂಥ ಹೊತ್ತಲ್ಲಿ ಮೊಳೆ ಕೇಳುತ್ತಾರೆ.

ಶನಿವಾರ ಬೆಳಗ್ಗೆ ಸರೋಜ ಕೇರಿಗೆ ಹೋಗಿ, "ಭಂಡಾರಕ್ಕೂ ಹಿತ್ತಿಲ ಬಾಗಿಲು ಆಗಿದೆ. ಕಡ ಕೊಡ್ತೀವಿ, ಕೊಯ್ಲಾದ ಮೇಲೆ ತಂದು ಹಾಕಿ" ಎಂದಷ್ಟೇ ಹೇಳಿ ಬಂದಳು. ಅಳೆಯಲು ಮತ್ತೆ ಅದೇ ಹಿತ್ತಾಳೆ ಸೇರು ತರಿಸಿದಳು. ಗುತ್ಯಮ್ಮ ಮೊದಲು ಬಂದಳು. ಬರಿಗೈಯಲ್ಲಿ ಬರಲಿಲ್ಲ, ಒಂದು ಹಿಡಿ ಒಂದೆಲಗ ತಂದು ಹೊಸ್ತಿಲ ಮೇಲಿಟ್ಟಳು. ಆಮೇಲೆ ಕೆರಿಯಮ್ಮ. ಮಧ್ಯಾಹ್ನದ ಹೊತ್ತಿಗೆ ಹಿತ್ತಿಲ ಓಣಿಯಲ್ಲಿ ಹೆಂಗಸರ ಮಾತು, ನಗು. ಮೀಟಿಂಗಿಗೆ ಬಂದ ಸಮಾಜದವರು ಭಂಡಾರ ಮುಚ್ಚುವ ಮಾತು ಬಿಟ್ಟು ಅಕ್ಕಿ ಕೇರಲು ಕೂತರು.

ಇನ್ನು ಉಳಿದದ್ದು ಸರೋಜಳ ಲೆಕ್ಕ. ಸಾಗರದ ಬಸ್ಸು ಮಾರನೇ ದಿನ ಬೆಳಗ್ಗೆಯೇ ಇತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳು ಸೇರು ಹಿಡಿದು ಮಂಜಯ್ಯನವರ ಮನೆಗೆ ಹೋದಳು. ಮುಂಬಾಗಿಲ ಮೆಟ್ಟಿಲಿನವರೆಗೆ ಹೋದವಳು ನಿಂತಳು. ತಿರುಗಿ, ಮನೆಯ ಬದಿಯಿಂದ ಹಿತ್ತಿಲಿಗೆ ನಡೆದಳು.

ಧರ್ಮಪ್ಪ ಬಾವಿಕಟ್ಟೆಯ ಹತ್ತಿರ ಕೈಕಾಲು ತೊಳೆಯುತ್ತಿದ್ದ. ಅವಳನ್ನು ಕಂಡು ಕೊಡ ಕೆಳಗಿಟ್ಟ.

"ಸೇರು ಕೊಡಕ್ಕೆ ಬಂದೆ" ಎಂದಳು.

ಅವನು ಸೇರಿನೊಳಗೆ ನೋಡಿದ. ತುಂಬ ಅಕ್ಕಿ, ಮೇಲೆ ಒಂದು ಅಚ್ಚು ಬೆಲ್ಲ, ದೊಡ್ಡಮ್ಮನ ಹಿತ್ತಿಲ ಒಂದು ಸೇವಂತಿಗೆ.

"ಇಷ್ಟು ಎಂತಕ್ಕೆ?"

"ಆವತ್ತಿಂದೂ ಸೇರಿ." ಸರೋಜ ಸೆರಗಿನ ತುದಿ ಸುತ್ತಿಕೊಂಡಳು. "ನಂದು ತಪ್ಪು. ಗೋಡೆದೂ, ಸೇರಿಂದೂ, ದೊಡ್ಡಮ್ಮನ ಹತ್ರ ಆಡಿದ ಮಾತಿಂದೂ. ನೀವು ಆವತ್ತೇ ಒಂದು ಮಾತು ಹೇಳ್ಬೋದಿತ್ತು."

"ನೀವು ಕೇಳೋ ಹಾಗೆ ಇರ್ಲಿಲ್ಲ."

"ಇಲ್ಲ" ಎಂದು ಒಪ್ಪಿಕೊಂಡಳು. ಇಬ್ಬರಿಗೂ ಸ್ವಲ್ಪ ನಗು ಬಂತು.

"ಇನ್ನೊಂದು ಕೇಳ್ಬೇಕಿತ್ತು" ಎಂದಳು.

"ಕೇಳಿ."

"ನಾಳೆ ಸಾಗರಕ್ಕೆ ಹೋಗ್ಬೇಡಿ."

ಬಾವಿಯ ಹಗ್ಗದಿಂದ ನೀರು ತೊಟ್ಟಿಕ್ಕುತ್ತಿತ್ತು. ಧರ್ಮಪ್ಪ ಸೇರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

"ಹಿತ್ತಿಲ ಬಾಗಿಲಿಗೆ ಬಂದು ಕೇಳ್ತಿದೀರಿ" ಎಂದ. "ಕಡನಾ?"

"ಕಡ ಅಂದ್ರೆ ವಾಪಸ್ ಕೊಡ್ಬೇಕಲ್ಲ" ಎಂದಳು ಸರೋಜ. ಕಣ್ಣು ತುಂಬಿತ್ತು, ದನಿ ಮಾತ್ರ ನೆಟ್ಟಗಿತ್ತು. "ನಾನು ವಾಪಸ್ ಕೊಡಲ್ಲ."

ಒಳಗಿನಿಂದ ಮೂಕಮ್ಮನವರ ದನಿ ಬಂತು. "ಯಾರೋ ಅದು, ಹಿತ್ಲಲ್ಲಿ?"

ಧರ್ಮಪ್ಪ ಸೇವಂತಿಗೆ ಹೂವನ್ನು ಎತ್ತಿ ಅವಳ ಕೈಗಿಟ್ಟ, ಮುಡಿದುಕೋ ಎನ್ನುವಂತೆ.

"ನಮ್ಮೋರೇ ಕಣವ್ವಾ" ಎಂದ. "ದೀಪ ತಾ."